ಗೇಣಿಗೊಂದು ಗಟ್ಟಿ ಜಾಗ

ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ. ಗಿರಾಕಿಯೊಬ್ಬ ಬಂದು, ಅಂಗಳದಲ್ಲಿ ಒಣಗುತ್ತಿರುವ ಹಾಲೋ ಬ್ಲಾಕಿನ ಮೇಲೆ ಬೆರಳಿನ ಗೆಣ್ಣಿನಿಂದ ಟಕಟಕ ಬಡಿದು, ತೆಂಗಿನಕಾಯಿ ಆರಿಸುವವನ ಹಾಗೆ ಕಿವಿಗೊಟ್ಟು ಕೇಳಿ, "ಒಳಗ ಏನೂ ಇಲ್ಲಲ್ರೀ ಅಕ್ಕಾರ" ಎಂದರೆ ಸಾಕು, ನೆತ್ತಿಯವರೆಗೆ ಉರಿ ಏರುತ್ತದೆ. ಒಳಗೆ ಏನೂ ಇರಬಾರದು ಅಂತಲೇ ಅಲ್ಲವೇ ಅದನ್ನು ಹಾಗೆ ಮಾಡಿರುವುದು? ಎರಡು ಕೋಣೆಗಳ ನಡುವೆ ನಿಲ್ಲುವ ಗೋಡೆಗೆ ಕೋಟೆ ಕಟ್ಟುವ ಕಲ್ಲು ಬೇಕೇ? ಇಷ್ಟೆಲ್ಲ ನಾಲಿಗೆಯ ತುದಿಗೆ ಬಂದಿರುತ್ತದೆ. ಕೆಲವೊಮ್ಮೆ ನುಂಗುತ್ತೇನೆ, ಹೆಚ್ಚಿನ ಸಲ ಅಂದುಬಿಡುತ್ತೇನೆ. ಅಂದದ್ದಕ್ಕೆ ಎಷ್ಟೋ ಗಿರಾಕಿಗಳು ಬೇರೆ ಕಡೆ ಹೋಗಿದ್ದಾರೆ. ಹೋಗಲಿ. ಒಬ್ಬ ಮನುಷ್ಯನಿಗೆ ಅಂದ ಮಾತು ಮಾತ್ರ ಇವತ್ತಿಗೂ ಎದೆಯಲ್ಲಿ ಕೂತಿದೆ, ಅದನ್ನು ಬರೆಯಬೇಕು.

ಸಿಂಧನೂರಿನಿಂದ ಗೊರೇಬಾಳಕ್ಕೆ ಹೋಗುವ ದಾರಿಯಲ್ಲಿ, ಎರಡೂ ಕಡೆ ಭತ್ತದ ಗದ್ದೆ ಇರುವಲ್ಲಿ ನಮ್ಮ ಜಾಗವಿದೆ. ಬೋರ್ಡಿನ ಮೇಲೆ ಫ್ಯಾಕ್ಟರಿ ಎಂದು ಬರೆಸಿದ್ದೇವೆ. ಇರುವುದು ಒಂದು ತಗಡಿನ ಶೆಡ್ಡು, ಒಂದು ಒತ್ತುವ ಮಷಿನ್, ಒಂದು ನೀರಿನ ತೊಟ್ಟಿ, ಉಳಿದದ್ದೆಲ್ಲ ಬಯಲು. ಅಪ್ಪ ಇದೇ ಬಯಲಿನಲ್ಲಿ ಕೆಂಪಿಟ್ಟಿಗೆ ಸುಡಿಸುತ್ತಿದ್ದ. ರೈಸ್ ಮಿಲ್ಲಿನ ಹೊಟ್ಟು ತಂದು ಭಟ್ಟಿಗೆ ಹಾಕಿದರೆ ವಾರಗಟ್ಟಲೆ ಹೊಗೆಯಾಡುತ್ತಿತ್ತು. ಅಪ್ಪನ ನಂತರ ಇಟ್ಟಿಗೆಗೆ ಒಳ್ಳೆಯ ಮಣ್ಣು ಸಿಗದಾಯಿತು, ನಾನು ಭಟ್ಟಿ ಆರಿಸಿ ಸಿಮೆಂಟಿನ ಹಾಲೋ ಬ್ಲಾಕಿಗೆ ಇಳಿದೆ. ನನ್ನ ಗಂಡನಿಗೆ ಗೊಬ್ಬರದ ಅಂಗಡಿಯಿದೆ, ಈ ಧೂಳಿನ ಕಡೆ ಆತ ತಲೆ ಹಾಕುವುದಿಲ್ಲ. ಅದೂ ಒಳ್ಳೆಯದೇ ಆಯಿತು, ಬೈಯಲು ಒಬ್ಬರು ಕಡಿಮೆ.

ಮೊದಲ ಕೆಲವು ವರ್ಷ ನಾನು ಮಾಡುತ್ತಿದ್ದ ಬ್ಲಾಕ್ ಎಲ್ಲರೂ ಮಾಡುವಂಥದ್ದೇ. ಹೊರಗೋಡೆಗೆ ದಪ್ಪನೆಯದು, ಮನೆಯೊಳಗಿನ ಅಡ್ಡಗೋಡೆಗೆ ಅದೇ ಮಸಾಲೆಯ ತೆಳ್ಳನೆಯದು. ಎರಡು ತೂತು, ಸುತ್ತ ಬೆರಳು ದಪ್ಪವೂ ಇಲ್ಲದ ಚಿಪ್ಪು. ಲಿಂಗಸುಗೂರಿನಲ್ಲಿ ನನ್ನ ತಂಗಿಯ ಮನೆಯ ಅಡುಗೆಕೋಣೆಯ ಗೋಡೆ ಅದರದೇ. ಅವಳ ಗಂಡ ಹಟ್ಟಿಯ ಗಣಿಗೆ ಶಿಫ್ಟಿಗೆ ಹೋಗುವವನು, ಹಗಲು ಮಲಗುತ್ತಾನೆ. ಅವನ ನಿದ್ದೆ ಕೆಡದಿರಲಿ ಎಂದು ಅಡುಗೆಕೋಣೆಗೆ ಅಡ್ಡಗೋಡೆ ಹಾಕಿಸಿದ್ದಳು. ಒಂದು ದಿನ ಬೆಳಗ್ಗೆ ರೊಟ್ಟಿ ತಟ್ಟುತ್ತಿರುವಾಗ ಗೋಡೆಯ ಸ್ಟ್ಯಾಂಡ್ ಮೊಳೆಸಮೇತ, ಮೊಳೆ ಹಿಡಿದಿದ್ದ ಬ್ಲಾಕಿನ ಚಿಪ್ಪುಸಮೇತ ಕಿತ್ತು ಬಂತು. ಸ್ಟ್ಯಾಂಡಿನಲ್ಲಿದ್ದ ನಮ್ಮವ್ವನ ಕಾಲದ ಹಿತ್ತಾಳೆ ಕೊಡ ಅವಳ ಪಾದದ ಮೇಲೆ ಬಿತ್ತು. ಎಲುಬು ಮುರಿಯಿತು. ನಾನು ನೋಡಲು ಹೋದಾಗ ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು.

"ಏನ್ ಕಲ್ಲು ಮಾಡ್ತೀಯಕ್ಕ ನೀ? ಒಂದು ಮೊಳಿ ಹಿಡಿಯಂಗಿಲ್ಲಂದ್ರ ಅದು ಗೋಡಿಯೇನು? ಪರದಿ ಕಟ್ಟಿದ್ರ ಆಗ್ತಿತ್ತು" ಎಂದಳು.

ನಾನು ಅವಳ ಮೇಲೇ ಹರಿಹಾಯ್ದೆ. ಅಷ್ಟು ಭಾರ ಯಾಕೆ ಹೇರಿದೆ, ಮೊಳೆ ಎಲ್ಲಿ ಬೇಕೆಂದರಲ್ಲಿ ಹೊಡೆಯುತ್ತಾರೆಯೇ ಎಂದೆಲ್ಲ ಕೂಗಿದೆ. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ನನಗೇ ನಾಚಿಕೆಯಾಯಿತು. ನಮ್ಮ ಹಳೆಯ ಮಣ್ಣುಗೋಡೆಯ ಮನೆಗಳಲ್ಲಿ ಕಟ್ಟುವಾಗಲೇ ಗೋಡೆಯೊಳಗೆ ಕಟ್ಟಿಗೆಯ ಗೂಟ ಕೂರಿಸುತ್ತಿದ್ದರು. ಹಗ್ಗ, ಚೀಲ, ಲಾಟೀನು, ಕೂಸಿನ ಜೋಳಿಗೆ ಎಲ್ಲವನ್ನೂ ಆ ಗೂಟ ಹೊರುತ್ತಿತ್ತು. ಹಾಗೆ ಬದುಕಿ ಬಂದವರು ಗೋಡೆ ಕಂಡರೆ ಏನಾದರೂ ತೂಗುಹಾಕುವವರೇ. ಆ ಭಾರ ತಾಳದ ಗೋಡೆ ಮಾರಿ, ಬಿದ್ದಾಗ ಅವರನ್ನೇ ಬೈದರೆ ಅದಕ್ಕೇನೆನ್ನಬೇಕು?

ಆಗ ನೆನಪಾದವರು ಚಾಚಾ. ಮಸ್ಕಿಯ ಗೌಂಡಿ, ಅರವತ್ತು ದಾಟಿದವರು. ಅಪ್ಪನ ಕೆಂಪಿಟ್ಟಿಗೆಯಿಂದ ಮಸ್ಕಿಯ ಅರ್ಧ ಓಣಿ ಕಟ್ಟಿದ್ದು ಅವರ ಕೈ. ನಾನು ಲಂಗ ಹಾಕುತ್ತಿದ್ದ ಕಾಲದಿಂದ ನನ್ನನ್ನು ಮಗಳ ಹಾಗೆ ಬೇಟಿ ಎಂದು ಕರೆದವರು, ತಪ್ಪು ಮಾಡಿದರೆ ಅಪ್ಪನೆದುರೇ ಬೈದವರು. ನಾನು ಫೋನಿನಲ್ಲಿ ಹೊಸ ಬ್ಲಾಕಿನ ಮಾತೆತ್ತಿದಾಗ ಬಸ್ ಹತ್ತಿ ಸೀದಾ ಅಂಗಳಕ್ಕೆ ಬಂದರು. ಒಂದು ಬ್ಲಾಕನ್ನು ಎತ್ತಿ ನೋಡಿ ಕೆಳಗಿಟ್ಟರು.

"ಇದು ಭಾರ ಐತಿ, ಆದ್ರ ಗಟ್ಟಿ ಇಲ್ಲ. ಎರಡೂ ಉಲ್ಟಾ ಮಾಡೀಯ ಬೇಟಿ ನೀ. ಹಗುರ ಆಗಬೇಕು, ಗಟ್ಟಿ ಆಗಬೇಕು. ಅದನ್ನ ಮಾಡು, ಇಲ್ಲಾಂದ್ರ ಈ ಧಂದೆ ನಕ್ಕೋ, ಬಿಡು" ಎಂದರು.

ಭಾರ ಇಳಿಸಲು ದಾರಿ ನಮ್ಮ ಕಣ್ಣೆದುರೇ ಬಿದ್ದಿತ್ತು. ಸಿಂಧನೂರಿನ ಸುತ್ತ ರೈಸ್ ಮಿಲ್ಲುಗಳಿಗೆ ಬರವೇ? ಬಾಯ್ಲರಿನಲ್ಲಿ ಹೊಟ್ಟು ಉರಿದು ಉಳಿಯುವ ಬೂದಿಯನ್ನು ರಸ್ತೆಯ ಮಗ್ಗುಲಿಗೆ ಸುರಿದು, ಗಾಳಿ ಬಂದಾಗ ಬೈಕಿನವರ ಕಣ್ಣಿಗೆ ತುಂಬುತ್ತಾರೆ. ಆ ಬೂದಿಯನ್ನು ತಂದು ಸಿಮೆಂಟು, ಮರಳಿನ ಜೊತೆ ಕಲಸಿದೆವು. ಮೊದಲ ಸಲದ ಬ್ಲಾಕುಗಳು ಹಗುರವೇನೋ ಆದವು, ಕೈಯಲ್ಲಿ ಹಿಡಿದರೆ ಕಟಿರೊಟ್ಟಿಯ ಹಾಗೆ ಮುರಿದವು. ಎರಡನೆಯ ಸಲವೂ ಹಾಗೇ. ಬೂದಿಯಲ್ಲಿ ಎರಡು ಜಾತಿ ಎಂದು ಗೊತ್ತಾಗಲು ನಮಗೆ ಒಂದು ಮಳೆಗಾಲ ಹಿಡಿಯಿತು. ಅರೆಬೆಂದು ಕಪ್ಪಗೆ ಉಳಿದದ್ದು ಕೆಲಸಕ್ಕೆ ಬಾರದು, ಪೂರ್ತಿ ಉರಿದು ವಿಭೂತಿಯ ಬಣ್ಣಕ್ಕೆ ಬಂದದ್ದು ಸಿಮೆಂಟನ್ನು ಹಿಡಿಯುತ್ತದೆ. ಮಿಲ್ಲಿನವರು ಎರಡನ್ನೂ ಕಲೆಸಿ ಕಳಿಸುತ್ತಿದ್ದರು. ಅವರ ಜೊತೆ ಫೋನಿನಲ್ಲಿ ನಾನು ಆಡಿದ ಜಗಳಗಳನ್ನು ಇಲ್ಲಿ ಬರೆಯುವಂತಿಲ್ಲ.

ತೂತಿನ ಬಾಯಿಯದು ಇನ್ನೊಂದು ರಗಳೆ. ಗೌಂಡಿಗಳು ಬ್ಲಾಕಿನ ಒಂದು ವರಸೆ ಜೋಡಿಸಿ ಅದರ ಮೇಲೆ ಮಾಲು, ಅಂದರೆ ಕಲಸಿದ ಸಿಮೆಂಟು, ಹಾಕಿದರೆ ಅರ್ಧ ತೂತಿನೊಳಗೆ ಬೀಳುತ್ತಿತ್ತು. ಕೆಲವರು ಬೇಕಂತಲೇ ತೂತಿಗೆ ಇಟ್ಟಿಗೆ ಚೂರು ತುಂಬುತ್ತಿದ್ದರು, ಗಟ್ಟಿ ಆಗಲಿ ಅಂತ! ಹಗುರವಾಗಲೆಂದು ನಾನು ಇಲ್ಲಿ ಬೂದಿಯಲ್ಲಿ ಹೊರಳಾಡುತ್ತಿದ್ದರೆ ಅವರು ಅಲ್ಲಿ ಕಸ ತುಂಬಿ ಭಾರ ಮಾಡುತ್ತಿದ್ದರು. ಅದಕ್ಕೆ ತೂತಿನ ಒಂದು ಬಾಯಿ ಮುಚ್ಚಿಬಿಟ್ಟೆವು. ಮುಚ್ಚಿದ ಮೈ ಮೇಲೆ ಬರುವಂತೆ ಇಟ್ಟರೆ ಮಾಲು ಅದರ ಮೇಲೆ ನಿಲ್ಲುತ್ತದೆ, ಚೂರು ತುಂಬುವ ಚಟವೂ ನಿಲ್ಲುತ್ತದೆ.

ಇನ್ನು ಮೊಳೆ. ಇಡೀ ಚಿಪ್ಪು ದಪ್ಪ ಮಾಡಿದರೆ ಭಾರ ತಿರುಗಿ ಬರುತ್ತದೆ. ಎರಡು ತೂತುಗಳ ನಡುವಿನ ಗೋಡೆಯೊಂದನ್ನೇ ದಪ್ಪ ಮಾಡೋಣ, ಮೊಳೆ ಅಲ್ಲಿ ಹೊಡೆಯಲಿ ಎಂದೆ ನಾನು. ಪ್ಲಾಸ್ಟರ್ ಮಾಡಿ ಬಣ್ಣ ಬಳಿದ ಮೇಲೆ ಅದು ಎಲ್ಲಿದೆಯೆಂದು ಹೇಗೆ ಗೊತ್ತಾಗಬೇಕು? ಚಾಚಾ ಬೀಡಿ ಹಚ್ಚಿಕೊಂಡು ಯೋಚಿಸಿದರು. ಆಮೇಲೆ, "ನಿನ್ನ ಕೈ ಕೊಡು" ಎಂದರು.

"ಯಾಕ್ರೀ ಚಾಚಾ?"

"ಮನ್ಯಾಗ ಮೊಳಿ ಹೊಡಿಯೋರು ಯಾರು? ಗಂಡಸರು ಹೊಡೀತಾರೇನು? ಹೆಂಗಸರ ಹೊಡಿಯೋದು. ಅವ್ರ ಕೈಯಾಗ ಟೇಪ್ ಇರಂಗಿಲ್ಲ, ಗೇಣು ಇರ್ತದ. ನಿನ್ನ ಗೇಣು ಅಗಲ ಮಾಡು."

ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ನನ್ನ ಗೇಣನ್ನು ಅಚ್ಚಿನ ತಗಡಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದರು. ಬ್ಲಾಕಿನ ಉದ್ದ ನನ್ನ ಎರಡು ಗೇಣು, ನಡುವಿನ ದಪ್ಪ ಜಾಗ ಸರಿಯಾಗಿ ಒಂದು ಗೇಣಿಗೆ. ಮೇಲಿನ ವರಸೆ ಅರ್ಧ ಸರಿದು ಕೂರುವುದರಿಂದ ಒಂದರ ದಪ್ಪ ಇನ್ನೊಂದರ ಜೋಡಿನ ಮೇಲೆ ಬರುತ್ತದೆ. ಬಾಗಿಲ ಚೌಕಟ್ಟಿನಿಂದ ಗೇಣು ಹಾಕುತ್ತ ಹೋದರೆ ಪ್ರತಿ ಗೇಣಿಗೂ ಒಂದು ಗಟ್ಟಿ ಜಾಗ. ಸ್ವಲ್ಪ ಹೆಚ್ಚುಕಡಿಮೆಯಾದರೂ ತಡೆಯಲೆಂದು ಆ ಜಾಗವನ್ನು ಮೂರು ಬೆರಳು ಅಗಲ ಮಾಡಿಸಿದರು. ಒಂದು ಆಳೆತ್ತರದ ಗೋಡೆ ಕಟ್ಟಿ, ನಾಲ್ಕಿಂಚಿನ ಮೊಳೆ ಹೊಡೆದು, ಅದಕ್ಕೆ ಅಕ್ಕಿಯ ಚೀಲ ತೂಗುಹಾಕಿ ಎಂಟು ದಿನ ಬಿಟ್ಟೆವು. ಚೀಲ ಅಲುಗಲಿಲ್ಲ. ಲಿಂಗಸುಗೂರಿನ ಎಂಜಿನಿಯರ್ ಒಬ್ಬ "ಗೇಣು ಅನ್ನೋದು ಒಂದು ಅಳತೀನಾ ಮೇಡಂ?" ಎಂದು ನಕ್ಕ. ನಿಮ್ಮ ಮನೆಯಲ್ಲಿ ದೇವರ ಫೋಟೋದ ಮೊಳೆಗೆ ಯಾರು ನಕ್ಷೆ ಬರೆದುಕೊಟ್ಟರು ಎಂದು ಕೇಳಿದೆ. ತಂಗಿಯ ಗೋಡೆಯನ್ನು ಚಾಚಾನೇ ಹೋಗಿ ಹೊಸದಾಗಿ ಕಟ್ಟಿಕೊಟ್ಟರು. ಅವಳು ಅದೇ ಹಿತ್ತಾಳೆ ಕೊಡ ಮೇಲಿಟ್ಟು ನನಗೆ ಫೋಟೋ ಕಳಿಸಿದಳು. ಆ ದಿನ ನಾನು ಯಾರನ್ನೂ ಬೈಯಲಿಲ್ಲ.

ಈ ಬ್ಲಾಕಿಗೆ ಒಂದು ನೇಮವಿದೆ. ಒತ್ತಿದ ಮೇಲೆ ಮೂರು ವಾರ ನೀರು ಉಣಿಸಬೇಕು. ಆಮೇಲೆ ಪೂರ್ತಿ ಒಣಗಿಸಬೇಕು, ಮತ್ತೆ ಒಂದು ಹನಿ ಸೋಕಬಾರದು. ಒಣಗಿದ್ದು ಮತ್ತೆ ನೀರು ಕುಡಿದರೆ ಕೂದಲೆಳೆಯಷ್ಟು ಉಬ್ಬುತ್ತದೆ. ಹಾಗೇ ಗೋಡೆಗೆ ಹೋದರೆ, ಅಲ್ಲಿ ಒಣಗುತ್ತ ಕುಗ್ಗಿ, ಗೋಡೆಯನ್ನೇ ಸೀಳುತ್ತದೆ. ಕೆಂಪಿಟ್ಟಿಗೆಯದು ಇದಕ್ಕೆ ತದ್ವಿರುದ್ಧ, ನೀರಲ್ಲಿ ಮುಳುಗಿಸಿಯೇ ಕಟ್ಟಬೇಕು. ನಮ್ಮ ಕಡೆಯ ಗೌಂಡಿಗಳ ಕೈಗೆ ಆ ಮುಳುಗಿಸುವ ಅಭ್ಯಾಸ ಅಂಟಿಬಿಟ್ಟಿದೆ. ನಾನು ಲಾರಿಯ ಜೊತೆ ಚೀಟಿ ಕಳಿಸಿದೆ, ಫೋನಿನಲ್ಲಿ ಕೂಗಿದೆ, ಆದರೂ ಬಕೆಟ್ಟಿನಲ್ಲಿ ನನ್ನ ಬ್ಲಾಕ್ ಅದ್ದುವವರನ್ನು ಕಣ್ಣಾರೆ ಕಂಡಿದ್ದೇನೆ. ಚಾಚಾ ಮಾತ್ರ ಪ್ರತಿ ಬ್ಲಾಕನ್ನೂ ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಒಣಗಿದ್ದು ಕೆನ್ನೆಗೆ ಬೆಚ್ಚಗೆ, ಹಸಿಯದು ತಣ್ಣಗೆ. ಕೈಗೆ ಗೊತ್ತಾಗುವುದಿಲ್ಲ, ಗೌಂಡಿಯ ಕೈ ಸತ್ತಿರುತ್ತದೆ, ಕೆನ್ನೆಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು.

ಮಸ್ಕಿಯಲ್ಲಿ ಕಾಳಿನ ವ್ಯಾಪಾರಿಯೊಬ್ಬರ ಮನೆಯ ಮಹಡಿಯ ದೊಡ್ಡ ಕೋಣೆಯನ್ನು ಎರಡು ಮಾಡುವುದಿತ್ತು. ಹೊಸ ಸೊಸೆ ಬರುವವಳಿದ್ದಳು. ಕೆಳಗೆ ಬೀಮ್ ಇಲ್ಲದ ಕಡೆ ಗೋಡೆ ಏಳಬೇಕಿತ್ತು, ಹಗುರ ಬ್ಲಾಕೇ ಆಗಬೇಕೆಂದು ಅವರ ಎಂಜಿನಿಯರ್ ಹೇಳಿದ್ದರಿಂದ ನನ್ನ ಹತ್ತಿರ ಬಂದರು. ಕಟ್ಟಲು ಚಾಚಾನನ್ನು ನಾನೇ ಹೇಳಿದೆ. ಲಾರಿ ಹೋದ ದಿನ ಚಾಚಾ ಫೋನ್ ಮಾಡಿದ್ದರು. ನಾನು ಮಿಲ್ಲಿನವನ ಜೊತೆ ಕಪ್ಪು ಬೂದಿಯ ಜಗಳದಲ್ಲಿದ್ದೆ. ಏನೋ ಹೇಳಿ ಇಟ್ಟುಬಿಟ್ಟೆ.

ಗೋಡೆ ಎದ್ದಿತು, ಪ್ಲಾಸ್ಟರ್ ಆಯಿತು, ಬಣ್ಣವೂ ಆಯಿತು, ಸೊಸೆ ಬಂದಳು. ತಿಂಗಳೊಪ್ಪತ್ತಿನಲ್ಲಿ ವ್ಯಾಪಾರಿಯಿಂದ ಕರೆ ಬಂತು. ಹೋಗಿ ನೋಡಿದರೆ ಬಾಗಿಲ ಚೌಕಟ್ಟಿನ ಮೂಲೆಯಿಂದ ಮಾಡಿನವರೆಗೆ ಬಿರುಕು, ಮೆಟ್ಟಿಲು ಹತ್ತಿದ ಹಾಗೆ ಹತ್ತಿತ್ತು. ಅಲ್ಲಿ ಎಲ್ಲರೂ ಇದ್ದರು. ವ್ಯಾಪಾರಿ, ಅವರ ಹೆಂಡತಿ, ಹೊಸ ಸೊಸೆ, ಸೊಸೆಯನ್ನು ನೋಡಲು ಬಂದ ಬೀಗರು, ಪಕ್ಕದ ಮನೆಯ ಹೆಂಗಸರು. ಚಾಚಾ ಒಂದು ಮೂಲೆಯಲ್ಲಿ ತಮ್ಮ ಕರಣಿಯ ಚೀಲ ಹಿಡಿದು ನಿಂತಿದ್ದರು.

"ಏನ್ರೀ ಅಕ್ಕಾರ, ಇದ ಏನು ನಿಮ್ಮ ಹೊಸಾ ಕಲ್ಲು?" ಎಂದರು ವ್ಯಾಪಾರಿ.

ಬಿರುಕು ನೋಡಿದ ಕೂಡಲೇ ನನಗೆ ತಿಳಿಯಿತು, ಇದು ಹಸಿ ಬ್ಲಾಕಿನ ಬಿರುಕು. ಬೀಗರೆದುರು ನನ್ನ ಬ್ಲಾಕಿನ ಮಾನ ಹೋಗುತ್ತಿತ್ತು. ಎರಡು ವರ್ಷದ ಬೂದಿ, ಜಗಳ, ತಂಗಿಯ ಮುರಿದ ಕಾಲು ಎಲ್ಲ ಒಟ್ಟಿಗೆ ತಲೆಗೇರಿತು. ನಾನು ಚಾಚಾನ ಕಡೆ ತಿರುಗಿದೆ.

"ಕಲ್ಲಿಗೆ ಏನೂ ಆಗಿಲ್ಲ. ಇವರು ನೀರಾಗ ಅದ್ದಿ ಕಟ್ಯಾರ. ನಲವತ್ತು ವರ್ಷ ಕೆಂಪಿಟ್ಟಿಗಿ ತೋಯಿಸಿದ ಕೈ, ಹೊಸದು ಕಲಿ ಅಂದ್ರ ಎಲ್ಲಿ ಕಲೀತದ? ಎಷ್ಟು ಸಲ ಹೇಳಿದ್ದೆ ನಿನಗ, ನೀರು ಮುಟ್ಟಿಸಬ್ಯಾಡ ಅಂತ? ವಯಸ್ಸಾತು, ಕರಣಿ ಕೆಳಗಿಡು ಇನ್ನ!"

ಚಾಚಾ ಒಂದೇ ಮಾತು ಆಡಿದರು. "ನಾ ನೀರು ಹಾಕಿಲ್ಲ." ನನ್ನ ಮುಖವನ್ನೇ ನೋಡುತ್ತ ಇನ್ನೇನೋ ಬರುತ್ತದೆ ಎಂದು ಕಾಯುವವರ ಹಾಗೆ ಸ್ವಲ್ಪ ಹೊತ್ತು ನಿಂತರು. ನಾನು ಮುಖ ತಿರುಗಿಸಿದೆ. ಅವರು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು ಹೋದರು.

ಹೋದವರು ಅಂಗಳಕ್ಕೆ ಬರಲಿಲ್ಲ. ನಾನೂ ಕರೆಯಲಿಲ್ಲ. ತಪ್ಪು ಮಾಡಿದವರೇ ಬಂದು ಕೇಳಲಿ ಎಂಬ ಸೊಕ್ಕು. ಕೆಲವು ವಾರಗಳ ನಂತರ ತಂಗಿಯ ಮನೆಗೆಂದು ಲಿಂಗಸುಗೂರಿಗೆ ಹೋದಾಗ, ಬೆಳಗ್ಗೆ ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ನಾಕಾದಲ್ಲಿ ಅವರನ್ನು ಕಂಡೆ. ಗೌಂಡಿಗಳ ಸಾಲಿನಲ್ಲಲ್ಲ, ಮಾಲು ಹೊರುವ ಆಳುಗಳ ಸಾಲಿನಲ್ಲಿ. ಮಸ್ಕಿಯಲ್ಲಿ ಅವರನ್ನು ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ, ಗೋಡೆ ಬಿರಿಯುವ ಗೌಂಡಿ ಎನ್ನುತ್ತಾರೆ ಎಂದು ತಂಗಿ ಹೇಳಿದಳು. ಅದಕ್ಕೂ ನನಗೆ ಸಿಟ್ಟೇ ಬಂತು. ಒಂದು ಬಿರುಕಿಗೆ ಒಬ್ಬ ಮನುಷ್ಯನ ಇಡೀ ಜೀವಮಾನದ ಗೋಡೆಗಳನ್ನು ಮರೆಯುವ ಊರು ಎಂಥದು ಎಂದು ತಂಗಿಯೆದುರು ಕೂಗಾಡಿದೆ. ಆ ಊರಿಗೆ ಮೊದಲ ಮಾತು ಹೇಳಿಕೊಟ್ಟವಳು ನಾನೇ ಎಂಬುದು ಆಗ ಹೊಳೆಯಲಿಲ್ಲ.

ಹೊಳೆದದ್ದು ನನ್ನದೇ ಅಂಗಳದಲ್ಲಿ. ಆರ್.ಎಚ್. ಕ್ಯಾಂಪಿನ ಒಂದು ಮನೆಗೆ ಲಾರಿ ತುಂಬಬೇಕಿತ್ತು. ನಾನು ಸಾಮಾನ್ಯವಾಗಿ ತುಂಬುವ ಹೊತ್ತಿಗೆ ಬ್ಯಾಂಕಿಗೋ ಮಿಲ್ಲಿಗೋ ಹೋಗಿರುತ್ತೇನೆ, ಆ ದಿನ ಇದ್ದೆ. ನಮ್ಮಲ್ಲಿ ಹಳಬಳಾದ ಹೆಣ್ಣಾಳೊಬ್ಬಳು ಪೈಪ್ ಎಳೆದುಕೊಂಡು ಬಂದು, ತಿಂಗಳಿಂದ ಒಣಗಿದ್ದ ಬ್ಲಾಕಿನ ಅಟ್ಟಿಯ ಮೇಲೆ ಧಾರಾಳವಾಗಿ ನೀರು ಬಿಡತೊಡಗಿದಳು. ಬೂದಿಬಣ್ಣದ ಬ್ಲಾಕುಗಳು ಕಪ್ಪಗೆ ಮಿರಮಿರ ಹೊಳೆದವು.

"ಏನ್ ಮಾಡಾಕತ್ತೀಯಬೇ!" ಎಂದು ಕಿರುಚಿದೆ.

ಅವಳು ಗಾಬರಿಯಾಗಲಿಲ್ಲ, ಆಶ್ಚರ್ಯಪಟ್ಟಳು. "ನೀರು ಹೊಡ್ಯಾಕತ್ತೀನ್ರೀ ಅಕ್ಕಾರ. ನೀವ ಹೇಳೀರಲ್ರೀ, ಲಾರಿ ಬರೋ ಮುಂದ ನೀರು ಹೊಡಿ, ಕಲ್ಲು ಹೊಸದು ಕಾಣಬೇಕು, ಗಿರಾಕಿ ಧೂಳ ನೋಡಿ ಮೂಗು ಮುರೀತಾನ ಅಂತ. ಪ್ರತಿ ಲಾರಿಗೂ ಹೊಡಿತೀನಿ."

ನಾನೇ ಹೇಳಿದ್ದೆ. ಅಪ್ಪ ಹಾಗೆ ಮಾಡುತ್ತಿದ್ದ. ಲಾರಿಗೆ ಏರಿಸುವ ಮುಂಚೆ ಕೆಂಪಿಟ್ಟಿಗೆಗೆ ನೀರು ಹೊಡೆಸಿದರೆ ಕೆಂಪು ಎದ್ದು ಕಾಣುತ್ತಿತ್ತು, ನೋಡಿದವರು ಚೆನ್ನಾಗಿ ಬೆಂದಿದೆ ಎನ್ನುತ್ತಿದ್ದರು. ಭಟ್ಟಿ ಆರಿಸಿ ಬ್ಲಾಕು ಹಿಡಿದಾಗ ನಾನು ಆ ಪದ್ಧತಿಯನ್ನು ಹಾಗೇ ಇಟ್ಟುಕೊಂಡಿದ್ದೆ, ಇಟ್ಟುಕೊಂಡದ್ದೇ ಮರೆತಿದ್ದೆ. ಊರಿನ ಗೌಂಡಿಗಳಿಗೆಲ್ಲ ಕೆಂಪಿಟ್ಟಿಗೆಯ ಚಟ ಬಿಡಿ ಎಂದು ಬೈಯುತ್ತ ತಿರುಗಿದವಳ ಅಂಗಳದಲ್ಲೇ ಆ ಚಟ ಪ್ರತಿ ಲಾರಿಗೂ ಪೈಪ್ ಹಿಡಿದು ನಿಂತಿತ್ತು. ತಂಗಿಯ ಬ್ಲಾಕು ನಾನೇ ಮುಂದೆ ನಿಂತು ತುಂಬಿಸಿದ್ದು, ಗಿರಾಕಿಗೆ ಹೋಗುವುದಲ್ಲವೆಂದು ಯಾರೂ ನೀರು ಹೊಡೆದಿರಲಿಲ್ಲ, ಅದಕ್ಕೆ ಆ ಗೋಡೆ ಉಳಿದಿತ್ತು. ಉಳಿದವರ ಗೋಡೆಗಳು ಯಾರ ಪುಣ್ಯದಿಂದ ನಿಂತಿವೆಯೋ.

ಒಂದು ಒದ್ದೆ ಬ್ಲಾಕನ್ನು ಎತ್ತಿ ಕೆನ್ನೆಗೆ ಒತ್ತಿದೆ. ತಣ್ಣಗಿತ್ತು. ಆ ತಣ್ಣಗಿನ ಜೊತೆಗೇ ಫೋನಿನ ಮಾತು ವಾಪಸು ಬಂತು, ಒಂದಕ್ಷರ ಬಿಡದೆ. "ಬೇಟಿ, ಕಲ್ಲು ತಣ್ಣಗ ಅದಾವ. ಎರಡು ವಾರ ಬಿಟ್ಟು ಕಟ್ಟಲೇನು?" ಎಂದು ಕೇಳಿದ್ದರು ಚಾಚಾ. ನಾನು, "ಸೊಸಿ ಬರೋ ಮುಹೂರ್ತ ಮುಂದೈತ್ರೀ ಚಾಚಾ, ಅನುಮಾನ ಬಿಟ್ಟು ಕಟ್ರಿ ಸಾಕು" ಎಂದು ಫೋನಿಟ್ಟಿದ್ದೆ. ಆ ದಿನ ಮಹಡಿಯಲ್ಲಿ ಅವರು ನನ್ನ ಮುಖ ನೋಡುತ್ತ ಕಾದದ್ದು ಇದಕ್ಕೇ. ನಾನೇ ಹೇಳುತ್ತೇನೆ ಎಂದು ಕಾದಿದ್ದರು. ಬೀಗರೆದುರು ನನ್ನನ್ನು ಬಿಟ್ಟುಕೊಡಬಾರದೆಂದು ಬಾಯಿ ಮುಚ್ಚಿಕೊಂಡಿದ್ದರು.

ಇಷ್ಟು ವರ್ಷ ಕಂಡವರ ಮೇಲೆಲ್ಲ ಸಿಟ್ಟು ಮಾಡಿದ್ದೇನೆ. ನನ್ನ ಮೇಲೆಯೇ ಬಂದ ಸಿಟ್ಟನ್ನು ಎಲ್ಲಿ ಹಾಕಬೇಕೆಂದು ಗೊತ್ತಾಗಲಿಲ್ಲ. ಆ ಪೈಪನ್ನು ಕುಡುಗೋಲಿನಿಂದ ತುಂಡು ತುಂಡು ಮಾಡಿದೆ. ಹೆಣ್ಣಾಳು ದೂರ ನಿಂತು ನೋಡುತ್ತಿದ್ದಳು. ಲಾರಿಯನ್ನು ಖಾಲಿ ವಾಪಸು ಕಳಿಸಿ ಮಸ್ಕಿಯ ಬಸ್ ಹತ್ತಿದೆ.

ಚಾಚಾ ಮನೆಯಲ್ಲೇ ಇದ್ದರು. ಚಾಚಿ ನೀರು ತಂದಿಟ್ಟು ಒಳಗೆ ಹೋದಳು. ನಾನು ಪೈಪಿನದು, ಫೋನಿನದು ಎಲ್ಲ ಹೇಳಿದೆ. ತಪ್ಪಾಯಿತು ಎಂದೆ. ಅವರು ನೆಲ ನೋಡುತ್ತ ಕೇಳಿಸಿಕೊಂಡರು.

"ನಮ್ಮನಿಯಾಗ ಹೇಳಿದ್ರ ಯಾರ್ ಕೇಳ್ತಾರ್ರೀ ಅಕ್ಕಾರ? ಎಲ್ಲಿ ಅಂದ್ರಿ, ಅಲ್ಲೇ ಹೇಳ್ರಿ" ಎಂದರು.

ಅಕ್ಕಾರ ಎಂದರು. ಗಿರಾಕಿಗಳು ಕರೆಯುವ ಹಾಗೆ.

ಇಬ್ಬರೂ ವ್ಯಾಪಾರಿಯ ಮನೆಗೆ ನಡೆದೆವು. ಮಹಡಿಯ ಬಾಗಿಲ ಹೊರಗೆ, ಕೊನೆಯ ಮೆಟ್ಟಿಲಿನ ಮೇಲೆ ಅವರು ನಿಂತರು, ನಾನು ಒಳಗೆ ಹೋದೆ. ವ್ಯಾಪಾರಿ ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತಿದ್ದರು. ಹೆಂಡತಿಯೂ ಸೊಸೆಯೂ ಇದ್ದರು. ಬ್ಲಾಕಿಗೆ ನೀರು ಹೊಡೆದದ್ದು ನಮ್ಮ ಅಂಗಳದಲ್ಲೇ, ಈ ಗೌಂಡಿ ಒಂದು ಹನಿಯನ್ನೂ ಹಾಕಿಲ್ಲ ಎಂದು ಗಟ್ಟಿಯಾಗಿ ಹೇಳಿದೆ.

"ಆತು ಬಿಡ್ರಿ" ಎಂದರು ವ್ಯಾಪಾರಿ. "ಯಾರದರ ತಪ್ಪಾಗಲಿ. ಬ್ಯಾರೆ ಗೌಂಡಿಗೆ ಹೇಳೀನಿ, ಬಂದು ಮೆತ್ತಿ ಹೋಗ್ತಾನ."

"ಯಾರದರ ಅಲ್ರೀ! ನಂದು! ಯಾರದರ ಅಂತ ಹೆಂಗಂತೀರಿ? ಆ ಮನಿಷ್ಯಾ ಲಿಂಗಸುಗೂರ ನಾಕಾದಾಗ ಆಳಾಗಿ ನಿಂತಾನ!" ಎಂದು ಕೂಗಿದೆ. ವ್ಯಾಪಾರಿ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಕೂಗಿದ್ದರಿಂದ ನನ್ನ ಭಾರ ಇಳಿದಂತಾಯಿತು. ಬಿರಬಿರನೆ ಹೊರಗೆ ಬಂದೆ.

ಮೆಟ್ಟಿಲಿನ ಮೇಲೆ ಚಾಚಾ ಅಲ್ಲಾಡಲಿಲ್ಲ. ತಗ್ಗಿದ ದನಿಯಲ್ಲಿ, "ಅರ್ಧ ಆತ್ರೀ" ಎಂದರು.

ಅವರು ಹೇಳಿದ್ದು ಫೋನಿನ ಮಾತು. ಪೈಪಿನ ತಪ್ಪು ಮರೆವಿನದು, ಹೇಳಿದರೂ ನನಗೆ ಅಷ್ಟು ನಾಚಿಕೆಯಿಲ್ಲ. ತಿಳಿದವರೊಬ್ಬರು ಬೇಡವೆಂದಾಗ ಕೇಳದೆ ಕಟ್ಟಿಸಿ, ಆಮೇಲೆ ಅದೇ ಕಾರಣಕ್ಕೆ ಅವರನ್ನು ಬೈದದ್ದನ್ನು ನಾನು ನುಂಗಿಕೊಂಡು ಬಂದಿದ್ದೆ. ಬೇಕಂತಲೇ ನುಂಗಿದ್ದೆ. ಆ ಕ್ಷಣ ಅವರ ಮೇಲೆ ನನಗೆ ಬಂದ ಸಿಟ್ಟು ಯಾವತ್ತೂ ಯಾರ ಮೇಲೂ ಬಂದಿಲ್ಲ. ಆದರೂ ಒಳಗೆ ಹೋದೆ. ಈ ಸಲ ಕೂಗಲಿಲ್ಲ.

"ಕಟ್ಟೋ ಮುಂಚೇನ ಇವರು ನನಗ ಫೋನ್ ಮಾಡಿ ಕಲ್ಲು ಹಸಿ ಅದಾವ ಅಂದಿದ್ರು. ಎರಡು ವಾರ ಬಿಡೋಣು ಅಂದಿದ್ರು. ನಾನ ಕಟ್ರಿ ಅಂದೆ. ಆಮ್ಯಾಲ ಇಲ್ಲೆ ನಿಂತು ಇವರನ್ನ ಬೈದೆ" ಎಂದೆ.

ವ್ಯಾಪಾರಿಯ ಹೆಂಡತಿ ಸೆರಗು ಸರಿಮಾಡಿಕೊಂಡು ಎದ್ದಳು. "ಅಯ್ಯ ಶಿವನ, ನಾವ ಓಣಿ ತುಂಬ ಹೇಳಿ ಬಂದೀವಲ್ಲ" ಎಂದು ಬಾಗಿಲಿಗೆ ಹೋಗಿ, "ಬರ್ರಿ ಒಳಗ, ಅಲ್ಲ್ಯಾಕ ನಿಂತೀರಿ?" ಎಂದು ಚಾಚಾನನ್ನು ಕರೆದಳು.

ಚಾಚಾ ಒಳಗೆ ಬಂದು ಸೀದಾ ಗೋಡೆಯ ಹತ್ತಿರ ಹೋದರು. ಬಿರುಕಿನ ಪಕ್ಕ ಕೆನ್ನೆ ಒತ್ತಿ, ಕಣ್ಣು ಮುಚ್ಚಿ ನಿಂತರು. "ಈಗ ಒಣಗ್ಯಾದ. ಇನ್ನ ಹರಿಯಂಗಿಲ್ಲ. ಬಿರುಕು ಬಿಡಿಸಿ ತುಂಬಿದ್ರ ಗೋಡಿ ಗಟ್ಟಿ" ಎಂದರು. ಹೊಸ ಸೊಸೆ ಮೊದಲ ಸಲ ಬಾಯಿಬಿಟ್ಟಳು. ತವರಿನಿಂದ ತಂದ ಕನ್ನಡಿ ಇನ್ನೂ ನೆಲದ ಮೇಲೇ ಇದೆ, ತೂಗುಹಾಕಬಹುದೇ ಎಂದು ಕೇಳಿದಳು. ಚಾಚಾ ಅವಳಿಗೆ ಚೌಕಟ್ಟಿನಿಂದ ಗೇಣು ಹಾಕುವುದನ್ನು ತೋರಿಸಿಕೊಟ್ಟರು.

ಎರಡು ದಿನ ಆ ಗೋಡೆಯ ಕೆಲಸ ನಡೆಯಿತು. ಆಳು ಕರೆಯುತ್ತೇನೆಂದು ವ್ಯಾಪಾರಿ ಹೇಳಿದರು, ನಾನು ಬೇಡವೆಂದೆ. ಮಾಲು ಕಲಸಿ, ಬುಟ್ಟಿ ತುಂಬಿ, ತಲೆಯ ಮೇಲೆ ಹೊತ್ತು ಮಹಡಿ ಹತ್ತಿದ್ದು ನಾನು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು, ನೋಡಲಿ ಅಂತಲೇ ಹತ್ತಿದೆ. ಚಾಚಾ ಬೇಡ ಅನ್ನಲಿಲ್ಲ, ಭಲೇ ಅನ್ನಲಿಲ್ಲ. ಮಾಲಿಗೆಂದು ಹಿಂದೆ ಕೈ ಚಾಚುವರು, ನಾನು ಬುಟ್ಟಿ ಮುಂದೆ ಮಾಡುವೆ.

ಆಮೇಲೆ ಮಸ್ಕಿಯಲ್ಲಿ ಅವರಿಗೆ ಕೆಲಸ ತಿರುಗಿ ಸಿಕ್ಕಿತು, ಮೊದಲಿನಷ್ಟಲ್ಲ. ಊರಿನ ಬಾಯಿಗೆ ಬಿದ್ದ ಮಾತು ನನ್ನ ಎರಡು ದಿನದ ಬುಟ್ಟಿಗೆ ಪೂರ್ತಿ ಅಳಿಸಿಹೋಗಲಿಲ್ಲ. ಅದರ ಸಿಟ್ಟು ನನಗೆ ಇನ್ನೂ ಇದೆ. ಪ್ರತಿ ಲಾರಿ ಹೊರಡುವ ಮುಂಚೆ ಅಂಗಳಕ್ಕೆ ಬಂದು ಬ್ಲಾಕು ನೋಡಿಹೋಗಿ ಎಂದು ಕೇಳಿಕೊಂಡೆ. ಬರುತ್ತಾರೆ. ಅಟ್ಟಿಯ ಮೇಲಿಂದ, ನಡುವಿಂದ, ತಳದಿಂದ ಒಂದೊಂದು ಎತ್ತಿ ಕೆನ್ನೆಗೆ ಒತ್ತುತ್ತಾರೆ. "ಒಣಗ್ಯಾವ್ರೀ ಅಕ್ಕಾರ, ತುಂಬಿಸ್ರಿ" ಎನ್ನುತ್ತಾರೆ. ಚಹಾ ಕುಡಿದು ಹೋಗುತ್ತಾರೆ.

ಮೊನ್ನೆ ನಾನು ತಡೆಯಲಾರದೆ ಕೇಳಿದೆ. "ಚಾಚಾ, ಅಪ್ಪನ ಮುಂದ ಬೈತಿದ್ರಲ್ಲ, ಹಂಗ ಒಂದ್ಸಲ ಬಾಯ್ತುಂಬ ಬೈದುಬಿಡ್ರಿ ನನಗ. ಮುಗಿದುಹೋಗಲಿ."

ಅವರು ಬ್ಲಾಕನ್ನು ಜೋಪಾನವಾಗಿ ಅಟ್ಟಿಯ ಮೇಲಿಟ್ಟು, ಕೆನ್ನೆಗೆ ಹತ್ತಿದ ಬೂದಿಯನ್ನು ಹೆಗಲ ಟವೆಲ್ಲಿನಿಂದ ಒರೆಸಿಕೊಂಡರು.

"ಬೈಯಾಕ ನೀವು ನಮ್ಮನಿ ಮಗಳೇನ್ರೀ ಅಕ್ಕಾರ?" ಎಂದರು.

ಡ್ರೈವರ್ ಹಾರನ್ ಹೊಡೆದ. ನಾನು ಅವನ ಮೇಲೆ ರೇಗಲಿಲ್ಲ, ಹಿಂದೆ ಹೋಗಿ ಬ್ಲಾಕು ಎಣಿಸುವ ನೆಪದಲ್ಲಿ ನಿಂತೆ.